ಓಡಿಸಿದ ದನಿ

ಒದ್ದೆ ಹತ್ತಿಯಿಂದ ಮಗಳು ಮತ್ತೊಮ್ಮೆ ಉಜ್ಜಿದಳು. ಅಮ್ಮನ ತುಟಿಗೆ ಬಳಿದಿದ್ದ ಕೆಂಪು ಸುಲಭಕ್ಕೆ ಬಿಡುವಂಥದಲ್ಲ. ಬಾಯಿಯ ಮೂಲೆಗಳಲ್ಲಿ ಇಷ್ಟಿಷ್ಟೇ ಕರಗಿ ಗಲ್ಲದ ಮೇಲೆ ಜಾಮಿನಂತೆ ಜಾರುತ್ತಿತ್ತು. ಕೊಳಕಾದ ಹತ್ತಿಯನ್ನು ಎಸೆಯಲು ಬುಟ್ಟಿಯ ಕಡೆ ಬಗ್ಗಿದರೆ ಅಲ್ಲಿ ಯಾರೋ ಅರ್ಧ ಕಚ್ಚಿ ಬಿಟ್ಟ ಬಿಸ್ಕತ್ತು ಟೀಯಲ್ಲಿ ನೆನೆದು ಉಬ್ಬಿಕೊಂಡಿತ್ತು.

"ಬಿಡೇ, ಚೆನ್ನಾಗೇ ಕಾಣ್ತಿತ್ತು," ಎಂದಳು ಚಿಕ್ಕಮ್ಮ. ಶವಪೆಟ್ಟಿಗೆಯ ತಲೆಯ ಕಡೆ ಕುರ್ಚಿ ಎಳೆದುಕೊಂಡು ಕೂತಿದ್ದಳು. "ಬಣ್ಣ ಇಲ್ದಿದ್ರೆ ಅಕ್ಕ ಸತ್ತೋಳ ಥರ ಕಾಣ್ತಾಳೆ."

"ಸತ್ತಿದಾಳೆ ಚಿಕ್ಕಮ್ಮ."

"ಅದು ಸರಿ. ಆದ್ರೂ ಬಂದೋರು ನೋಡ್ತಾರಲ್ಲ."

ಬಣ್ಣ ಬಳಿಸಿದ್ದು ಏಜೆಂಟ್. ಅಮ್ಮನಿಗೆ ಹಾಡಿನ ಕಾರ್ಯಕ್ರಮ ಕೊಡಿಸಿ, ಬಂದದ್ದರಲ್ಲಿ ತನ್ನ ಪಾಲು ಹಿಡಿದುಕೊಂಡು, ಅವಳ ಜೊತೆಜೊತೆಗೇ ಮುದುಕನಾದವನು. ಬೆಳಿಗ್ಗೆ ಮಗಳು ಸಾವಿನ ಕಾಗದಪತ್ರಕ್ಕೆ ಸಹಿ ಹಾಕಲು ಹೋಗಿದ್ದಾಗ, ಹಳೆಯ ಪೋಸ್ಟರಿನಲ್ಲಿ ಇದ್ದ ಹಾಗೆಯೇ ಇರಬೇಕು ಎಂದು ಚಿತಾಗಾರದ ಸಿಂಗಾರದವನಿಗೆ ಹೇಳಿಸಿದ್ದ. ಎಪ್ಪತ್ತು ದಾಟಿದ ಮುಖಕ್ಕೆ ಇಪ್ಪತ್ತರ ಬಾಯಿ ಅಂಟಿಸಿದ್ದರು.

ಚಿತಾಗಾರದ ಸಭಾಂಗಣ ಬಾಡಿಗೆಯದು. ಒಂದು ತುದಿಯಲ್ಲಿ ಕಂದು ಪರದೆ. ಅದರ ಹಿಂದೆ ಕುಲುಮೆ. ಪ್ಲಾಸ್ಟಿಕ್ ಕುರ್ಚಿಗಳ ಮೇಲೆ ಹಿಂದಿನ ಸಾವಿನವರ ಬೆವರು ಇನ್ನೂ ಆರಿರಲಿಲ್ಲ. ಗೋಡೆಗೆ ಹಾಸಿಗೆ ಕಂಪನಿಯವರು ಕಳಿಸಿದ ದೊಡ್ಡ ಹೂವಿನ ಪಾರಿವಾಳ ಒರಗಿತ್ತು. ಬಿಳಿ ಹೂಗಳು ಸೆಕೆಗೆ ಬಾಡಿ ಹಳದಿಯಾಗಿ, ಹಳೆಯ ಹೂದಾನಿಯ ನೀರಿನಂಥ ವಾಸನೆ ಬಿಡುತ್ತಿದ್ದವು. ಪಾರಿವಾಳದ ಕೊಕ್ಕು ಆಗಲೇ ಕಳಚಿ ಜೋತುಬಿದ್ದಿತ್ತು.

ಏಜೆಂಟ್ ಬಂದು ಮಗಳ ಕೈಯನ್ನು ತನ್ನೆರಡು ಕೈಗಳಲ್ಲಿ ಹಿಡಿದ. ಕೈ ಒದ್ದೆಯಾಗಿತ್ತು, ಅತ್ತರಿನ ಒದ್ದೆ.

"ಪುಟ್ಟಾ, ಒಂದು ಒಳ್ಳೇ ಸುದ್ದಿ," ಎಂದ ಅವನು ಹೆಣದ ಪಕ್ಕ ನಿಂತು. "ಆ ಹಳೇ ಆಲ್ಬಂ ಇತ್ತಲ್ಲ, ಯಾರೂ ಕೊಳ್ಳದೇ ಗೋಡೌನಲ್ಲಿ ಧೂಳು ತಿಂದಿದ್ದು? ಇಗೋ ಇವನು ಕಂಡುಹಿಡಿದಿದಾನೆ. ಗುಜರಿ ಅಂಗಡೀಲಿ. ಮೊಬೈಲಲ್ಲಿ ಹಾಕ್ದ. ಜನ ಹುಚ್ಚೆದ್ದು ಕೇಳ್ತಿದಾರೆ. ರೆಕಾರ್ಡ್ ಕಂಪನಿ ಮತ್ತೆ ತರ್ತಿದೆ. ಇದಕ್ಕಿಂತ ಒಳ್ಳೆ ಟೈಮಲ್ಲಿ..." ಅಲ್ಲಿಗೆ ನಾಲಿಗೆ ಕಚ್ಚಿಕೊಂಡ. "ಅಂದ್ರೆ, ಅವಳಾತ್ಮಕ್ಕೆ ಎಷ್ಟು ಸಂತೋಷ."

ಅವನ ಹಿಂದೆ ಗಡ್ಡದವನೊಬ್ಬ ರೆಕಾರ್ಡ್ ಪ್ಲೇಯರನ್ನು ಮಗುವಿನಂತೆ ಎದೆಗವಚಿಕೊಂಡು ನಿಂತಿದ್ದ. "ನಿಮ್ಮ ತಾಯಿ ಒಂದು ನಿಧಿ, ಮೇಡಂ," ಎಂದ. "ಆ ವಯಸ್ಸಲ್ಲಿ ಆ ಎಳೇ ದನಿ! ನಂಬೋಕೇ ಆಗಲ್ಲ."

ಮಗಳು ಕೈ ಬಿಡಿಸಿಕೊಂಡಳು. "ಅದನ್ನ ಇಲ್ಲಿ ಹಾಕ್ಬೇಡಿ," ಎಂದಳು.

"ಯಾಕಮ್ಮ?"

"ಅಮ್ಮನಿಗೆ ಆಗ್ತಿರ್ಲಿಲ್ಲ. ಅದು ಅವಳ ದನಿ ಅಲ್ಲ. ನಿಮಗೆ ಗೊತ್ತಿದೆ."

"ಹಾಗಾದ್ರೆ ಪಾರಿವಾಳದ ಹಾಡು ಹಾಕೋಣ. ಎಲ್ರಿಗೂ ಬರುತ್ತೆ, ಒಟ್ಟಿಗೆ ಹಾಡಬಹುದು."

"ಅದೂ ಬೇಡ. ಸುಮ್ನೆ ಕಳಿಸೋಣ. ಇವತ್ತೊಂದು ದಿನ ಅವಳನ್ನ ಸುಮ್ನೆ ಬಿಟ್ಬಿಡಿ."

ಏಜೆಂಟ್ ಅವಳ ಬೆನ್ನು ತಟ್ಟಿದ. ಅಳುವ ಮಗುವನ್ನು ತಟ್ಟುವ ಹಾಗೆ. ಹಾಗೆ ತಟ್ಟುತ್ತಲೇ ಗಡ್ಡದವನಿಗೆ, ಪ್ಲೇಯರನ್ನು ಪಕ್ಕದ ಮೇಜಿನ ಮೇಲಿಡು ಎಂದು ಕಣ್ಣಿನಲ್ಲೇ ಹೇಳಿದ.

*

ಪಾರಿವಾಳದ ಹಾಡು ಹಾಡಿದಾಗ ಅಮ್ಮ ಇನ್ನೂ ಹುಡುಗಿ. ಮೂಗಿನಿಂದ, ಹಲ್ಲು ಬಾರದ ಕೂಸಿನ ಹಾಗೆ ಹಾಡಬೇಕು. ನಡುನಡುವೆ ಕತ್ತು ಕೊಂಕಿಸಿ ಗುಟುರ್ ಗೂ ಎನ್ನಬೇಕು. ಊರಿಗೆ ಊರೇ ಹಾಡಿತು. ಅಲ್ಲಿಂದ ಮುಂದೆ ಅದೇ ಅವಳ ಅನ್ನವಾಯಿತು. ದೊಡ್ಡ ಹೋಟೆಲಿನ ಊಟದ ಹಾಲಿನಲ್ಲಿ, ಜಾಜ್ ತಂಡದ ಮುಂದೆ ನಿಂತು, ಅವಳು ಏನೇ ಹಾಡಲಿ, ಎಷ್ಟೇ ಚೆನ್ನಾಗಿ ಹಾಡಲಿ, ಕೊನೆಗೆ ಯಾವುದೋ ಮೇಜಿನಿಂದ ಒಬ್ಬ ಮೂಳೆ ಚೀಪುತ್ತಲೇ ಕೂಗುತ್ತಿದ್ದ: "ಪಾರಿವಾಳ!" ಜಿಡ್ಡು ಬಾಯಿಗಳೆಲ್ಲ ಸೇರಿಕೊಳ್ಳುತ್ತಿದ್ದವು. ಅವಳು ಕತ್ತು ಕೊಂಕಿಸುತ್ತಿದ್ದಳು.

ಮನೆಗೆ ಬಂದವಳು ಮೊದಲು ಉಪ್ಪುನೀರಿನಲ್ಲಿ ಬಾಯಿ ಮುಕ್ಕಳಿಸುತ್ತಿದ್ದಳು. ಸಿಂಕಿಗೆ ಉಗಿದು, ಮತ್ತೆ ಮುಕ್ಕಳಿಸಿ, "ಬಾಯಲ್ಲಿ ಪುಕ್ಕ ಸಿಕ್ಕೊಂಡಂಗಿದೆ ಕಣೇ," ಎನ್ನುತ್ತಿದ್ದಳು.

ಅವಳ ನಿಜವಾದ ದನಿ ಕೇಳುತ್ತಿದ್ದದ್ದು ಬಚ್ಚಲಿನಲ್ಲಿ. ರಜದ ದಿನ ಸೀರೆ ಮೇಲೆ ಕಟ್ಟಿ, ಬ್ರಷ್ ಹಿಡಿದು ನೆಲ ತಿಕ್ಕುವಾಗ, ತಗ್ಗಿನ ದನಿಯೊಂದು ಹೊರಗೆ ಬರುತ್ತಿತ್ತು. ಒರಟು, ಮೇಲೆ ಬೂದಿಯಿದ್ದು ಒಳಗೆ ಕೆಂಡವಿದ್ದಂತೆ. ಹೊರಗಿನ ಕೋಣೆಯಲ್ಲಿ ಮಗಳು ಹೊಲಿಗೆ ಕಲಿಯುತ್ತಿದ್ದಳು. ಮೆಷಿನ್ನಿನ ಸದ್ದು ಅಡ್ಡ ಬಾರದಿರಲೆಂದು ಗಾಲಿಯ ಮೇಲೆ ಅಂಗೈ ಇಟ್ಟು ನಿಧಾನ ಮಾಡುತ್ತಿದ್ದಳು. ಪೂರ್ತಿ ನಿಲ್ಲಿಸಿದರೆ ಅಮ್ಮನಿಗೆ ತಿಳಿದುಬಿಡುತ್ತಿತ್ತು, ಹಾಡೂ ನಿಂತುಹೋಗುತ್ತಿತ್ತು.

ಐವತ್ತು ದಾಟಿದ ಮೇಲೆ ಒಮ್ಮೆ, ಒಂದೇ ಒಮ್ಮೆ, ಆ ದನಿಯಲ್ಲಿ ಒಂದು ಆಲ್ಬಂ ಹಾಡಿದಳು. ಬಿಸಿನೀರಿನ ಫ್ಲಾಸ್ಕ್ ಹಿಡಿದು ಮಗಳು ಸ್ಟುಡಿಯೋದ ಮೂಲೆಯಲ್ಲಿ ಕೂತಿದ್ದಳು. ಹೋಟೆಲಿನ ತಂಡದ ಡ್ರಮ್ಮರ್ ಮಾವ ಕೋಲು ಬಿಟ್ಟು ತಂತಿಬ್ರಷ್ಷಿನಲ್ಲಿ ಬಾರಿಸಿದ, ಮಲಗಿದವರ ತಲೆ ಸವರುವಷ್ಟು ಮೆಲ್ಲಗೆ. ಕೊನೆಯ ಹಾಡು ಮುಗಿದಾಗ ರೆಕಾರ್ಡ್ ಮಾಡುವವನಿಗೆ ಯಂತ್ರ ನಿಲ್ಲಿಸುವುದೇ ಮರೆತುಹೋಗಿತ್ತು. ಅಮ್ಮ ಚಪ್ಪಲಿ ಹುಡುಕಿಕೊಳ್ಳುತ್ತ, "ಹೊತ್ತಾಯ್ತು, ತರಕಾರಿಯೋನು ಹೊರಟ್ಹೋಗ್ತಾನೆ," ಎಂದಳು. ಆದರೆ ದಾರಿಯುದ್ದಕ್ಕೂ ಮಗಳ ತೋಳು ಬಿಡಲಿಲ್ಲ.

ಎರಡು ತಿಂಗಳ ನಂತರ ರೆಕಾರ್ಡು ಮನೆಗೆ ಬಂತು. ಮುಳ್ಳು ಇಟ್ಟರು. ಒಳಗಿನಿಂದ ಇಲಿಯೊಂದು ಹಾಡತೊಡಗಿತು.

ಅಮ್ಮ ಏಜೆಂಟಿಗೆ ಫೋನು ಮಾಡಿದಳು. ಅವನ ದನಿ ಮಗಳಿಗೂ ಕೇಳುವಷ್ಟು ಜೋರಾಗಿತ್ತು. "ಓಡಿಸಿದೀವಿ ಅಷ್ಟೆ ಕಣಮ್ಮ. ದನಿ ಎಳೇದಾಗ್ಲಿ ಅಂತ ಟೇಪನ್ನ ಸ್ವಲ್ಪ ಜೋರಾಗಿ ಓಡಿಸಿ ಅಚ್ಚು ಹಾಕಿದಾರೆ. ಐವತ್ತು ದಾಟಿದ ಹೆಂಗಸಿನ ದನಿ ಯಾರು ಕೊಳ್ತಾರೆ, ನೀನೇ ಹೇಳು? ಈಗ ಕೇಳು, ಇಪ್ಪತ್ತೈದರ ಥರ ಇದೆ."

"ಟೇಪು ಎಲ್ಲಿದೆ?"

"ಅದರ ಮೇಲೆ ಆಗ್ಲೇ ಬೇರೇದೇನೋ ತುಂಬಿಯಾಯ್ತಲ್ಲ."

ಅಮ್ಮ ರೆಕಾರ್ಡನ್ನು ಎರಡೇ ಬೆರಳಲ್ಲಿ ಎತ್ತಿ, ಸತ್ತ ಇಲಿಯನ್ನು ಬಾಲ ಹಿಡಿದು ಒಯ್ಯುವಂತೆ ಒಯ್ದು, ಹೊರಗಿನ ಕಸದ ಡಬ್ಬಿಯ ಪಕ್ಕ ಇಟ್ಟು ಬಂದಳು. ಕೈ ತೊಳೆದಳು. ಆ ವಾರವೇ ಹಾಸಿಗೆ ಕಂಪನಿಯ ಹೊಸ ಅಂಗಡಿಯ ಉದ್ಘಾಟನೆಗೆ ಹೋಗಿ ಗುಟುರ್ ಗೂ ಎಂದಳು. ಹೊಟ್ಟೆಪಾಡು.

ಅದಾದ ಮೇಲೆ ಬಚ್ಚಲಿನಲ್ಲಿಯೂ ಹಾಡಲಿಲ್ಲ. ಕೊನೆಯ ವರ್ಷಗಳಲ್ಲಿ ಮಗಳ ಹೊಲಿಗೆ ಅಂಗಡಿಯ ಮೂಲೆಯಲ್ಲಿ ಕೂತು ಗುಂಡಿ ಹಾಕಿಕೊಡುತ್ತಿದ್ದಳು. ಯಾರಾದರೂ ಗಿರಾಕಿ ಪಾರಿವಾಳದ ಹಾಡು ಗುನುಗಿದರೆ ದಾರವನ್ನು ಹಲ್ಲಿನಲ್ಲಿ ಕಟಕ್ಕನೆ ಕಡಿಯುತ್ತಿದ್ದಳು.

*

ಏಜೆಂಟ್ ಶ್ರದ್ಧಾಂಜಲಿಯ ಮಾತು ಮುಗಿಸಿದಾಗ ಹಾಲಿನಲ್ಲಿ ಚಪ್ಪಾಳೆ ಬಿತ್ತು. ಸಾವಿನ ಮನೆಯಲ್ಲಿ ಚಪ್ಪಾಳೆ. ಹೊಡೆದವರಿಗೇ ನಾಚಿಕೆಯಾಗಿ ಅರ್ಧಕ್ಕೆ ನಿಲ್ಲಿಸಿದರು. ಅವನು ಮೊಬೈಲನ್ನು ಪೆಟ್ಟಿಗೆಯ ಕಡೆ ತಿರುಗಿಸಿ ಹಿಡಿದುಕೊಂಡ. ಗಡ್ಡದವನು ಮುಳ್ಳಿಟ್ಟ.

ಅದೇ ಇಲಿ. ಸಣ್ಣಗೆ, ಚುರುಕಾಗಿ, ಪಿಯಾನೋವನ್ನು ಅಟ್ಟಿಸಿಕೊಂಡು ಓಡುವ ದನಿ.

"ಆಹಾ," ಎಂದರು ಯಾರೋ.

"ನೋಡು, ಎಷ್ಟು ಚಿಕ್ಕೋಳ ಥರ ಇದೆ," ಎಂದು ಚಿಕ್ಕಮ್ಮ ಕಣ್ಣೊರೆಸಿಕೊಂಡಳು.

ಮಗಳು ಎದ್ದಳು. ಬಾಯಿಗೆ ಬಣ್ಣ ಬಳಿದದ್ದು ಸಾಲದೆಂದು ಈಗ ಬಾಯೊಳಗಿಂದಲೂ ಸುಳ್ಳು ಹಾಡಿಸುತ್ತಿದ್ದಾರೆ. ಇದನ್ನೇ ಕೇಳಿಸುತ್ತ ಬೆಂಕಿಗೆ ನೂಕುತ್ತಾರೆ. ಬಂದವರೆಲ್ಲ ಇದನ್ನೇ ಅವಳೆಂದು ಹೊತ್ತುಕೊಂಡು ಹೋಗುತ್ತಾರೆ. ನಾಲ್ಕು ಕುರ್ಚಿ ದಾಟಿ, ಒಬ್ಬನ ಕಾಲು ತುಳಿದು, ಮೇಜಿನ ಹತ್ತಿರ ಹೋಗಿ ಮುಳ್ಳಿಗೆ ಕೈ ಹಾಕಿದಳು.

"ಮೇಡಂ, ಮೇಡಂ!" ಗಡ್ಡದವನು ಮೊಣಕೈ ಅಡ್ಡ ಕೊಟ್ಟ. ಅವಳ ಕೈ ಜಾರಿ, ಬೆರಳುಗಳು ತಿರುಗುತ್ತಿದ್ದ ರೆಕಾರ್ಡಿನ ಅಂಚಿನ ಮೇಲೆ ಬಿದ್ದವು.

ದನಿ ಮುಗ್ಗರಿಸಿತು. ಇಲಿ ಉಸಿರು ಬಿಟ್ಟಿತು. ಆ ಒಂದು ಕ್ಷಣದಲ್ಲಿ, ತಗ್ಗಿನಿಂದ, ಒದ್ದೆ ನೆಲದ ಮೇಲಿಂದ ಬಂದಂತೆ, ಅಮ್ಮ ಒಂದು ಪದ ಹಾಡಿ ಮತ್ತೆ ಮರೆಯಾದಳು.

ಮಗಳು ತನ್ನ ಬೆರಳುಗಳನ್ನು ನೋಡಿಕೊಂಡಳು. ಇಷ್ಟು ವರ್ಷ ಅಸಹ್ಯಪಟ್ಟು ಇಬ್ಬರೂ ಮುಟ್ಟದೇ ಬಿಟ್ಟಿದ್ದರಲ್ಲ, ಮುಟ್ಟಿದ್ದರೆ ಸಾಕಿತ್ತು.

ಬೆರಳನ್ನು ಮತ್ತೆ ಅಂಚಿಗೆ ಇಟ್ಟಳು. ಈ ಸಲ ಬೇಕೆಂದೇ. ಹೆಚ್ಚು ಒತ್ತಿದಾಗ ದನಿ ಕುಡಿದವರಂತೆ ತೊದಲಿತು. ಸಡಿಲ ಬಿಟ್ಟಾಗ ಇಲಿ ಇಣುಕಿತು. ಹೊಲಿಗೆಯ ಗಾಲಿಗೆ ಎಷ್ಟು ಭಾರ ಎಂಬುದು ಆ ಕೈಗೆ ಗೊತ್ತಿತ್ತು, ಇದರದು ಗೊತ್ತಿರಲಿಲ್ಲ.

"ಇನ್ನೂ ಸ್ವಲ್ಪ, ಮಗಾ," ಎಂದಿತು ಹಿಂದಿನಿಂದ ಒಂದು ದನಿ. ಡ್ರಮ್ಮರ್ ಮಾವ. ಅವನು ಎದ್ದಿರಲಿಲ್ಲ, ಏಳಲು ಮಂಡಿ ಬಿಡುವುದಿಲ್ಲ. ತೊಡೆಯ ಮೇಲೆ ಅಂಗೈಯಿಂದ ತಾಳ ಸವರುತ್ತಿದ್ದ. "ಅವತ್ತು ಹಾಡು ಇಷ್ಟೇ ನಿಧಾನ ಹೋಗ್ತಿತ್ತು. ನನ್ ಕೈ ನೋಡು, ಅದನ್ನ ನೋಡ್ಬೇಡ."

ಅವಳು ಅವನ ಕೈ ನೋಡುತ್ತ ಬೆರಳು ಒತ್ತಿದಳು. ದನಿ ಇಳಿಯುತ್ತ ಇಳಿಯುತ್ತ ಒಂದು ಕಡೆ ನಿಂತಿತು. ಅಲ್ಲಿಂದ ಹಾಡತೊಡಗಿತು.

"ರೆಕಾರ್ಡ್ ಹಾಳಾಗುತ್ತೆ ಮೇಡಂ! ಇರೋದೇ ಇದೊಂದು!" ಗಡ್ಡದವನ ಹಣೆಯಲ್ಲಿ ಬೆವರು.

"ಆಗ್ಲಿ."

"ಮೆಷಿನ್ನು ಕೆಟ್ಟೋಯ್ತಾ?" ಎಂದರು ಮುಂದಿನ ಸಾಲಿನಲ್ಲಿ. "ಗಂಡಸಿನ ಥರ ಕೇಳ್ತಿದೆಯಲ್ಲ."

"ಏನಮ್ಮ ಇದು, ಎಲ್ಲ ರೆಕಾರ್ಡಾಗ್ತಿದೆ," ಏಜೆಂಟ್ ಮೊಬೈಲನ್ನು ಎದೆಗೆ ಒತ್ತಿಕೊಂಡು ಪಿಸುಗುಟ್ಟಿದ. "ಜನ ನೋಡ್ತಿದಾರೆ. ಈ ದನಿ ಕೇಳಿದ್ರೆ ಯಾರು ಕೊಳ್ತಾರೆ?"

"ಅವತ್ತೂ ಇದನ್ನೇ ಕೇಳಿದ್ರಿ."

"ನಿಮ್ಮಮ್ಮನ ಹೆಸರು ಹಾಳು ಮಾಡ್ತಿದೀಯ."

"ಆ ಫೋನನ್ನ ಒಳಗಿಡಿ," ಎಂದಳು ಮಗಳು. "ಇಲ್ಲಾಂದ್ರೆ ಪೆಟ್ಟಿಗೆ ಜೊತೆ ಅದನ್ನೂ ಕಳಿಸ್ತೀನಿ."

ಡ್ರಮ್ಮರ್ ಮಾವ ನಕ್ಕುಬಿಟ್ಟ. ನಗು ಕೆಮ್ಮಾಯಿತು. ತಾಳ ಮಾತ್ರ ತಪ್ಪಲಿಲ್ಲ.

ಏಜೆಂಟ್ ಹೊರಗೆ ಹೋದ. ಅವನ ಹಿಂದೆ ಹಾಸಿಗೆ ಕಂಪನಿಯವರು ಹೋದರು. ಮೊಬೈಲಿನಲ್ಲಿ ಕೇಳಿ ಬಂದಿದ್ದವರು ಒಬ್ಬರ ಮುಖ ಒಬ್ಬರು ನೋಡಿ, ಕುರ್ಚಿಯ ಸದ್ದಾಗದಂತೆ ಒಬ್ಬೊಬ್ಬರಾಗಿ ಎದ್ದರು. ಅವರಿಗೆ ಬೇಕಾಗಿದ್ದವಳು ಇಲ್ಲಿ ಇರಲಿಲ್ಲ. ಚಿಕ್ಕಮ್ಮ ಹೋಗಲಿಲ್ಲ, ಆದರೆ ಮುಖ ಹುಳ್ಳಗೆ ಮಾಡಿಕೊಂಡಿದ್ದಳು. "ಹೀಗೆ ಹಾಡ್ತಿದ್ಲಾ ಅಕ್ಕ? ನಂಗ್ಯಾಕೆ ಹೇಳ್ಲಿಲ್ಲ?" ಎಂದಳು, ಯಾರನ್ನೋ ಬೈಯುವಂತೆ.

ನಿಧಾನಕ್ಕೆ ಇಳಿಸಿದ ಹಾಡು ಇನ್ನೂ ಅರ್ಧವೂ ಮುಗಿದಿರಲಿಲ್ಲ. ಮಗಳ ಬೆರಳ ತುದಿ ಕಪ್ಪಾಗಿ, ಉಜ್ಜಿ ಉಜ್ಜಿ ಉರಿಯುತ್ತಿತ್ತು. ಅಷ್ಟರಲ್ಲಿ ಪಕ್ಕದ ಬಾಗಿಲು ತೆರೆದು ಚಿತಾಗಾರದ ಮೇಲ್ವಿಚಾರಕ ಇಣುಕಿದ.

"ನಿಮ್ಮ ಟೈಮು ಮುಗೀತು. ಮುಂದಿನೋರು ಬಂದು ನಿಂತಿದಾರೆ."

"ಈ ಹಾಡು ಮುಗೀಲಿ."

"ಎಲ್ರೂ ಹಿಂಗೇ ಅಂತಾರೆ," ಎಂದು ಅವನು ಬಾಗಿಲನ್ನು ಪೂರ್ತಿ ತೆರೆದಿಟ್ಟ.

ಮುಂದಿನವರು ಕಾಯಲಾರದೆ ಒಳಗೆ ಬರತೊಡಗಿದರು. ತಮ್ಮ ಹೆಣವನ್ನು ಓಣಿಯಲ್ಲಿ ಬಿಟ್ಟು, ಬಿಸಿಲಲ್ಲಿ ನಿಂತು ಬಸವಳಿದವರು. ಅವರಿಗೆ ಇಲ್ಲಿ ಸತ್ತವಳು ಯಾರೆಂದು ಗೊತ್ತಿಲ್ಲ. ಖಾಲಿಯಾಗಿದ್ದ ಕುರ್ಚಿಗಳಲ್ಲಿ ಕುಸಿದರು. ಒಬ್ಬ ದಪ್ಪನೆಯ ಹೆಂಗಸು, ಅತ್ತು ಅತ್ತು ಕಣ್ಣು ಊದಿಕೊಂಡವಳು, ಡ್ರಮ್ಮರ್ ಮಾವನ ಪಕ್ಕ ಕೂತಳು. ಸ್ವಲ್ಪ ಹೊತ್ತು ಕೇಳಿ ಅವನ ಕಡೆ ಬಾಗಿದಳು.

"ಯಾರಪ್ಪ ಹಾಡ್ತಿರೋದು?"

ಅವನು ತಾಳ ಬಿಡದೆ, ಗಲ್ಲದಿಂದ ಪೆಟ್ಟಿಗೆಯನ್ನು ತೋರಿಸಿದ.

ಅವಳು ಅತ್ತ ನೋಡಿದಳು. ಬಿಗಿಯಾದ ಚಪ್ಪಲಿಗಳನ್ನು ಒಂದೊಂದಾಗಿ ಕಳಚಿ, ಬಾತುಕೊಂಡ ಪಾದಗಳನ್ನು ತಣ್ಣನೆಯ ನೆಲಕ್ಕೆ ಊರಿ ಕಣ್ಣು ಮುಚ್ಚಿದಳು. ಮೇಲ್ವಿಚಾರಕ ಅವಳ ತಲೆಯ ಹಿಂದೆ ಗೋಡೆಯ ಮೇಲಿದ್ದ, ಪರದೆ ಸರಿಸಿ ಪೆಟ್ಟಿಗೆಯನ್ನು ಕುಲುಮೆಗೆ ಕಳಿಸುವ ಗುಂಡಿಗೆ ಕೈ ಚಾಚಿದ. ಕಣ್ಣು ತೆರೆಯದೆಯೇ ಅವಳು ಅವನ ಮುಂಗೈಯನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಹಿಡಿದೇ ಇದ್ದಳು. ಕೆಳಗೆ ನೆಲದ ಮೇಲೆ ಅವಳ ಹೆಬ್ಬೆರಳು ಏಳುತ್ತಿತ್ತು, ಬೀಳುತ್ತಿತ್ತು, ನಿಧಾನವಾಗಿ.