ಹಿಟ್ಟಿನ ಬಳೆ

ನನ್ನ ತಮ್ಮ ಕ್ಷಮೆ ಕೇಳಲು ಹೊರಟ ಬೆಳಿಗ್ಗೆ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡಿದ್ದ. ಅವನಿಗೆ ಇಸ್ತ್ರಿ ಅಂಗಿ ಒಪ್ಪುವುದೇ ಇಲ್ಲ. ಬೆಸುಗೆಯ ಕಿಡಿ ಹಾರಿ ತೂತು ಬಿದ್ದ ಅಂಗಿಯಲ್ಲೇ ಅವನು ಅವನಂತೆ ಕಾಣುವುದು. ಜೇಬಿನಲ್ಲಿ ಒಂದು ಪತ್ರವಿತ್ತು. ಬರೆದದ್ದು ಅವನ ಕೈ, ಬರೆಸಿದ್ದು ನನ್ನ ಬಾಯಿ. “ಸರಿಯಾಗಿ ಅಳೆಯದೆ ದುಡುಕಿ ಮಾತಾಡಿದೆ. ತಪ್ಪು ನನ್ನದೇ. ಇನ್ನು ಮುಂದೆ ಹೀಗಾಗದಂತೆ ನೋಡಿಕೊಳ್ಳುತ್ತೇನೆ.” ಹತ್ತು ಗಂಟೆಗೆ ಇದನ್ನು ಕಾರ್ಖಾನೆಯ ಮುಖ್ಯ ಎಂಜಿನಿಯರ ಕೈಗೆ ಕೊಟ್ಟರೆ ಹಳೆಯ ಕೆಲಸ ವಾಪಸು ಸಿಗುವುದಿತ್ತು.

ಆ ಕಾರ್ಖಾನೆಯಲ್ಲಿ ಟರ್ಬೊ ಡೀಸೆಲ್ ಕಾರುಗಳಿಗೆ ಇನ್‌ಟೇಕ್ ಮ್ಯಾನಿಫೋಲ್ಡ್ ಮಾಡುತ್ತಾರೆ. ಟರ್ಬೊ ಒತ್ತಿ ಕಳಿಸಿದ ಗಾಳಿಯನ್ನು ನಾಲ್ಕು ಸಿಲಿಂಡರುಗಳಿಗೆ ಹಂಚುವ, ಒಂದು ಬಾಯಿ ನಾಲ್ಕು ಕವಲಿನ ಕೊಳವೆ ಅದು. ಎಂಟು ವರ್ಷ ಅದನ್ನೇ ಬೆಸೆದ ನನ್ನ ತಮ್ಮ, ನಾಲ್ಕನೇ ಕವಲಿಗೆ ಗಾಳಿ ಸಾಲುತ್ತಿಲ್ಲ, ಅದಕ್ಕೇ ಏರು ಹತ್ತುವಾಗ ಕಾರು ಹೊಗೆ ಉಗುಳುತ್ತದೆ ಎಂದು ಒಂದು ದಿನ ಬಾಯಿ ಬಿಟ್ಟ. ಎಂಜಿನಿಯರು ನಕ್ಕರಂತೆ. “ನಾಲ್ಕನ್ನೂ ಸಮ ಮಾಡೋಕೆ ಹೋದ್ರೆ ಒಟ್ಟು ಗಾಳಿನೇ ಕಡಿಮೆ ಆಗುತ್ತೆ ಕಣಯ್ಯಾ. ನೀನು ಬೆಸುಗೆ ನೋಡ್ಕೋ.” ನನ್ನ ತಮ್ಮ ವರ್ಷಕ್ಕೊಮ್ಮೆ ಮಾತಾಡುವ ಆಸಾಮಿ. ಆ ವರ್ಷದ ಮಾತನ್ನೆಲ್ಲ ಅವತ್ತೇ ಖರ್ಚು ಮಾಡಿ, ಕಡಿಮೆ ಆಗದ ಹಾಗೆ ಮಾಡಿ ತೋರಿಸುತ್ತೇನೆ ಎಂದು ಸವಾಲು ಹಾಕಿ, ಕೆಲಸ ಬಿಟ್ಟು ಬಂದ. ಮನೆಯ ಹಿಂದಿನ ಶೆಡ್ಡಿನಲ್ಲಿ ಐದು ತಿಂಗಳು ತಲೆ ತಗ್ಗಿಸಿ ಕೂತು ತನ್ನದೇ ಒಂದು ಮ್ಯಾನಿಫೋಲ್ಡ್ ಮಾಡಿದ.

ಅಳೆಯುವುದು ನನ್ನ ಕಸುಬು. ಶೆಡ್ಡಿನ ಇನ್ನೊಂದು ಮೂಲೆಯಲ್ಲಿ ನನ್ನ ಗಾಳಿ ಮೇಜು ಇದೆ. ಕೆಳಗೆ ಗಾಳಿ ಎಳೆಯುವ ಮೋಟರು, ಪಕ್ಕದಲ್ಲಿ ಓರೆಯಾಗಿ ನಿಲ್ಲಿಸಿದ ಗಾಜಿನ ನಳಿಕೆ, ಅದರಲ್ಲಿ ಕೆಂಪು ನೀರು. ಮೇಜಿನ ಮೇಲೆ ಕೂರಿಸಿದ ಕೊಳವೆಯಲ್ಲಿ ಗಾಳಿ ಎಷ್ಟು ಸಲೀಸಾಗಿ ಹರಿಯುತ್ತದೋ ಕೆಂಪು ನೀರು ಅಷ್ಟು ಗೆರೆ ಮೇಲೇರುತ್ತದೆ. ಊರಿನ ಗ್ಯಾರೇಜಿನವರೆಲ್ಲ ನನ್ನ ಬಳಿಗೇ ಬರುತ್ತಾರೆ. ನನಗೆ ಮೂಗಿನ ತುದಿಯಲ್ಲೇ ಕೋಪ ಎಂದು ಗೊತ್ತಿದ್ದೂ ಬರುತ್ತಾರೆ, ಯಾಕೆಂದರೆ ನನ್ನ ಅಳತೆ ತಪ್ಪುವುದಿಲ್ಲ. ಅಂದರೆ, ಆವರೆಗೆ ತಪ್ಪಿರಲಿಲ್ಲ.

ನನ್ನದೊಂದು ನಿಯಮವಿದೆ. ಅಳೆಯುವ ಹೊತ್ತಿಗೆ ವಸ್ತು ಮಾಡಿದವರು ಶೆಡ್ಡಿನಲ್ಲಿ ಇರಬಾರದು. ಮಗುವಿಗೆ ಸೂಜಿ ಚುಚ್ಚುವಾಗ ತಾಯಿ ನಿಂತ ಹಾಗೆ ನಿಂತು ಪ್ರಾಣ ತಿನ್ನುತ್ತಾರೆ. ಬುಧವಾರ ತಮ್ಮನಿಗೂ ಹೊರಗೆ ಹೋಗು ಎಂದೆ. ಅವನು ಬಾಗಿಲಲ್ಲೇ ನಿಂತ. ಮಾತಿಗೆ ಮಾತು ಬೆಳೆಯಿತು, ಮಾತೆಲ್ಲ ನನ್ನದೇ. ಆ ಹೊತ್ತಿಗೆ, ಹೋಲಿಸಲೆಂದು ಗ್ಯಾರೇಜಿನಿಂದ ತಂದಿದ್ದ ಕಾರ್ಖಾನೆಯ ಮ್ಯಾನಿಫೋಲ್ಡ್ ಅಳೆದು ಕಿಟಕಿಯ ಮೇಲಿಟ್ಟಾಗಿತ್ತು: ಅರವತ್ತೆರಡು, ಅರವತ್ತೊಂದು, ಐವತ್ತೊಂಬತ್ತು, ನಾಲ್ಕನೆಯದು ಐವತ್ತೆರಡು. ಅವನನ್ನು ಹೊರಗಟ್ಟಿ, ಕುದಿಯುತ್ತಲೇ ಅವನದನ್ನು ಮೇಜಿಗೆ ಬಿಗಿದೆ. ಐವತ್ತೈದು, ಐವತ್ತೈದು, ಐವತ್ತನಾಲ್ಕು, ಐವತ್ತನಾಲ್ಕು. ನಾಲ್ಕೂ ಸಮ, ಒಟ್ಟು ಕಡಿಮೆ. ಎಂಜಿನಿಯರು ಹೇಳಿದ್ದೇ ನಿಜವಾಗಿ ಹೋಯಿತು.

ನಾನು ಅಳತೆ ಬರೆದಿಟ್ಟ ಚೀಟಿಯನ್ನು ತಮ್ಮ ನೋಡಿದ. ಇನ್ನೊಂದು ಸಲ ಅಳೆಯೋಣ ಎಂದೂ ಕೇಳಲಿಲ್ಲ. “ಅಕ್ಕ ಅಳೆದ ಮೇಲೆ ಮುಗೀತು,” ಅಂದ. ನಾನಾದರೂ ಸುಮ್ಮನಿರಬಾರದಿತ್ತೇ. ದೊಡ್ಡ ಕಾರ್ಖಾನೆಯ ಜೊತೆ ಜಿದ್ದಿಗೆ ಬೀಳುವವನಿಗೆ ಇದೇ ಆಗಬೇಕು ಎಂದು ಮೂದಲಿಸಿ, ಅಲ್ಲೇ ಕೂರಿಸಿ ಆ ಪತ್ರ ಬರೆಸಿದೆ.

ಶುಕ್ರವಾರ ಬೆಳಿಗ್ಗೆ ಅವನು ಅಂಗಿಯ ಗುಂಡಿ ಹಾಕಿಕೊಳ್ಳುತ್ತಿದ್ದಾಗ ಅಮ್ಮ ಹಿತ್ತಲಲ್ಲಿ ಒಂದು ಬಟ್ಟಲನ್ನು ಕರಕರ ಕೆರೆಯುತ್ತಿದ್ದಳು.

“ಎರಡು ಬಳೆಗೆ ಅಂತ ಹಿಟ್ಟು ನಾದಿಸ್ಕೊಂಡು ಹೋಗ್ತೀಯ, ಒಂದು ಉಂಡೆ ಹಾಗೇ ಬಿಟ್ಟಿದೀಯ. ಕಲ್ಲಾಗಿದೆ ನೋಡು. ಕೋಳಿನೂ ಮೂಸಲ್ಲ ಇದನ್ನ.”

“ಯಾವ ಹಿಟ್ಟಮ್ಮ?”

“ಬುಧವಾರದ್ದು. ಕಿಟಕಿ ಮೇಲಿದ್ದ ಪೈಪಿಗೆ ನೀನು ಒಂದು ಬಳೆ ಮೆತ್ತಿದ್ದೆ, ಇರುವೆ ಮುತ್ತಿದ್ವು, ನಾನೇ ಕಿತ್ತು ಬಿಸಾಡ್ದೆ. ಇನ್ನೊಂದು ಬಳೆ ಮಾಡೇ ಇಲ್ಲ ನೀನು.”

ಕಿಟಕಿಯ ಮೇಲಿಟ್ಟಿದ್ದು ಕಾರ್ಖಾನೆಯ ಪೈಪು.

ಆ ಬಳೆಯ ಕತೆ ಇಷ್ಟು. ಮೇಜಿನ ಮೇಲೆ ಕೊಳವೆಯ ಬಾಯಿ ಬರಿದಾಗಿರುತ್ತದೆ, ಅಂಚು ಚೂಪಾಗಿರುತ್ತದೆ. ಗಾಳಿ ಆ ಅಂಚಿಗೆ ತಾಗಿ ಸುಳಿಯಾಗಿ ತನ್ನ ದಾರಿಯನ್ನು ತಾನೇ ಇರುಕು ಮಾಡಿಕೊಳ್ಳುತ್ತದೆ. ಕಾರಿನಲ್ಲಾದರೆ ಅದೇ ಬಾಯಿಗೆ ಟರ್ಬೊ ಕಡೆಯ ಪೈಪು ಸೇರಿಕೊಂಡಿರುವುದರಿಂದ ಈ ತೊಂದರೆ ಇಲ್ಲ. ಆದ್ದರಿಂದ ಅಳೆಯುವಾಗ ಬಾಯಿಯ ಸುತ್ತ ಹಿಟ್ಟಿನ ದಪ್ಪ ಬಳೆ ಮೆತ್ತಿ ಅಂಚನ್ನು ದುಂಡಗೆ ಮಾಡುತ್ತೇನೆ. ಇಪ್ಪತ್ತು ವರ್ಷಗಳಿಂದ ಮಾಡುತ್ತಿದ್ದೇನೆ. ಕಾರ್ಖಾನೆಯದಕ್ಕೆ ಮಾಡಿದ್ದೆ. ಸ್ವಂತ ತಮ್ಮನದಕ್ಕೆ ಜಗಳದ ಭರದಲ್ಲಿ ಮರೆತಿದ್ದೆ.

ಸುಳ್ಳು ಹೇಳುವುದಿಲ್ಲ, ಒಂದು ಗಳಿಗೆ ಬಾಯಿ ಮುಚ್ಚಿಕೊಂಡಿರೋಣ ಅನ್ನಿಸಿತು. ನನ್ನ ಅಳತೆ ತಪ್ಪಿತು ಎಂದು ನಾನೇ ಹೇಳಬೇಕಲ್ಲ. ಅಷ್ಟರಲ್ಲಿ ತಮ್ಮ ಚಪ್ಪಲಿ ಮೆಟ್ಟಿ ಗೇಟಿನ ಚಿಲಕಕ್ಕೆ ಕೈಹಾಕಿದ.

“ನಿಂತ್ಕೊಳೋ,” ಅಂದೆ. “ನಿನ್ನ ಪೈಪಿಗೆ ಬಳೆ ಹಾಕೋದು ಮರ್ತಿದ್ದೆ ಕಣೋ.”

ಅವನು ನನ್ನನ್ನೇ ನೋಡಿದ. ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು. ಗೇಟು ಮುಚ್ಚಿ ಬಂದು, ಅಭ್ಯಾಸದಂತೆ ಶೆಡ್ಡಿನ ಹೊರಗೇ ನಿಂತುಕೊಂಡ.

“ಒಳಗೆ ಬಾ. ಇವತ್ತು ನೀನೇ ಓದು.”

ಅಮ್ಮ ಗೊಣಗುತ್ತಲೇ ಹೊಸ ಹಿಟ್ಟು ನಾದಿ ತಂದಳು. ಎರಡು ಬಳೆ ಮಾಡಿದೆ. ಮೊದಲು ಕಾರ್ಖಾನೆಯದನ್ನೇ ಮತ್ತೆ ಅಳೆದೆವು. ಅದೇ ಅರವತ್ತೆರಡು, ಅರವತ್ತೊಂದು, ಐವತ್ತೊಂಬತ್ತು, ಐವತ್ತೆರಡು. ಆಮೇಲೆ ತಮ್ಮನದರ ಬಾಯಿಗೆ ಬಳೆ ಕೂರಿಸಿದೆ. ಬಳೆ ಹಾಕಿದರೂ ಕಡಿಮೆಯೇ ಬಂದರೆ? ಒಂದೇ ವಾರದಲ್ಲಿ ಎರಡು ಸಲ ಅವನನ್ನು ಸೋಲಿಸಿದ ಅಕ್ಕನಾಗಿ ಉಳಿಯುತ್ತೇನೆ. ಮೋಟರು ಹಾಕಿ ನಳಿಕೆಗೆ ಬೆನ್ನು ತಿರುಗಿಸಿ ನಿಂತೆ. ಊರಿನವರ ಗಾಳಿಯನ್ನೆಲ್ಲ ಕಣ್ಣರಳಿಸಿ ಅಳೆದವಳಿಗೆ ಇದೊಂದನ್ನು ನೋಡುವ ಧೈರ್ಯ ಇರಲಿಲ್ಲ.

“ಅರವತ್ಮೂರು,” ಅಂದ ತಮ್ಮ.

ಕವಲು ಬದಲಿಸಿದೆವು. “ಅರವತ್ಮೂರು.” ಮೂರನೆಯದು ಅರವತ್ತೆರಡು. ನಾಲ್ಕನೆಯದಕ್ಕೆ ಬದಲಿಸಿ ನಾನು ಮತ್ತೆ ಬೆನ್ನು ತಿರುಗಿಸಿದೆ.

“ಎಷ್ಟೋ, ಹೇಳೋ.”

“ನೀರು ನಿಲ್ಲಲಿ ಇರಕ್ಕ.” ಆಮೇಲೆ ಹೇಳಿದ, “ಅರವತ್ತೆರಡು.”

ಹೋದ ಜೀವ ಬಂದಂತಾಯಿತು. ಮೋಟರು ಆರಿಸಿ, ಅಲ್ಲೇ ಎಣ್ಣೆ ಡಬ್ಬದ ಮೇಲೆ ಕುಸಿದು ಕೂತೆ. ಅಳುವೂ ನಗುವೂ ಒಟ್ಟಿಗೇ ಬಂತು. ನಾಲ್ಕೂ ಸಮ, ಒಟ್ಟೂ ಹೆಚ್ಚು. ಐದು ತಿಂಗಳು ಅವನು ತಲೆ ತಗ್ಗಿಸಿ ಕೂತದ್ದು ದಂಡವಾಗಲಿಲ್ಲ, ನನ್ನ ಮರೆವಿಗೆ ಅವನ ಬದುಕು ಬಲಿಯಾಗಲಿಲ್ಲ. ಅಮ್ಮ ಬಾಗಿಲಲ್ಲಿ ನಿಂತು, “ಹಾಗಾದ್ರೆ ಅವನು ಹೋಗ್ಬೇಕಾಗಿಲ್ವಾ?” ಎಂದು ಕೇಳಿದಳು.

“ಹೋಗ್ತೀನಮ್ಮ,” ಅಂದ ತಮ್ಮ. “ಸೋಮವಾರ. ಪೈಪು ಎತ್ಕೊಂಡು. ಅಕ್ಕನೂ ಬರ್ತಾಳೆ, ಮೇಜು ಸಮೇತ.”

“ಹಿಟ್ಟು ಸಮೇತ,” ಅಂದಳು ಅಮ್ಮ.

ತಮ್ಮ ಇಸ್ತ್ರಿ ಅಂಗಿಯ ಜೇಬಿನಿಂದ ಪತ್ರ ತೆಗೆದ. ಹರಿದು ಹಾಕುತ್ತಾನೆ ಅಂದುಕೊಂಡೆ. ಅವನು ಅದನ್ನು ಮೇಜಿನ ಮೇಲೆ ಹರಡಿ, ‘ಮಾನ್ಯ ಮುಖ್ಯ ಎಂಜಿನಿಯರ್ ಅವರಿಗೆ’ ಎಂಬುದನ್ನು ಹೊಡೆದು ಹಾಕಿ ಮೇಲೆ ‘ತಮ್ಮನಿಗೆ’ ಎಂದು ಬರೆದ. ಕೆಳಗೆ ತನ್ನ ಸಹಿಯನ್ನೂ ಹೊಡೆದು ಹಾಕಿ, ಕಾಗದವನ್ನು ನನ್ನ ಕಡೆ ತಿರುಗಿಸಿ ಪೆನ್ನು ಚಾಚಿದ. ಮುಖದಲ್ಲಿ ನಗು ತಡೆದುಕೊಂಡಿದ್ದ.

ಸರಿಯಾಗಿ ಅಳೆಯದೆ ದುಡುಕಿ ಮಾತಾಡಿದೆ. ತಪ್ಪು ನನ್ನದೇ. ಮೊದಲಿನಿಂದ ಕೊನೆಯವರೆಗೆ ಓದಿದೆ. ತಿದ್ದುವುದಕ್ಕೆ ಒಂದಕ್ಷರವೂ ಇರಲಿಲ್ಲ. ಬೆರಳಿಗೆ ಮೆತ್ತಿದ್ದ ಹಿಟ್ಟನ್ನು ಸೆರಗಿಗೆ ಒರೆಸಿಕೊಂಡು ಸಹಿ ಹಾಕಿದೆ.