ನ್ಯಾನೊ ಡಬ್ಬ ಮತ್ತು ಶಿವಲಿಂಗಯ್ಯನ ಕಂಬಳಿ

ಊಟಿಯ ಚಳಿಯಲ್ಲಿ ಮನುಷ್ಯ ಹೇಗೋ ಬದುಕಿಬಿಡುತ್ತಾನೆ, ಇಡ್ಲಿ ಹಿಟ್ಟು ಮಾತ್ರ ಉಬ್ಬುವುದಿಲ್ಲ. ಅದಕ್ಕೇ ಕೆಂಪಾಜಮ್ಮ ದಿನಾ ಮಲಗುವ ಹೊತ್ತಿಗೆ ಗಂಡನ ಮೈಮೇಲಿನ ಕಂಬಳಿ ಕಿತ್ತು ಹಿಟ್ಟಿನ ಪಾತ್ರೆಗೆ ಹೊದಿಸುತ್ತಿದ್ದಳು. ಮೈಸೂರು ಕಡೆಯಿಂದ ಬಂದು ಮಾರ್ಕೆಟ್ ಹತ್ತಿರ ಇಡ್ಲಿ ಅಂಗಡಿ ಇಟ್ಟಂದಿನಿಂದ ಇದೇ ಕಥೆ. ಪಾತ್ರೆ ಬೆಚ್ಚಗೆ, ಶಿವಲಿಂಗಯ್ಯ ಹಳೇ ಸ್ವೆಟರಿನಲ್ಲಿ ಮುದುಡಿಕೊಂಡು. ಕಟ್ಟಿಕೊಂಡ ಹೆಂಡತಿಗೆ ತನಗಿಂತ ಪಾತ್ರೆಯೇ ಹೆಚ್ಚಾದರೆ ಯಾವ ಗಂಡಸಿಗೆ ಹೊಟ್ಟೆ ಉರಿಯುವುದಿಲ್ಲ? ಉರಿಯುತ್ತಿತ್ತು. ಆದರೆ ಆ ಉರಿಗೆ ಚಳಿ ಬಿಡುತ್ತಿರಲಿಲ್ಲ.

ಹೀಗಿರುವಾಗ ಅವನ ಅಕ್ಕನ ಮಗ ಜಗದೀಶ್ ಹೊಳೆಯುವ ದೊಡ್ಡ ಡಬ್ಬವೊಂದನ್ನು ಹೊತ್ತು ಬಂದ. ಈಚೆಗೆ ಅವನು ಯಾವುದೋ ಕಂಪನಿಯ ಮಾಲು ಮಾರುತ್ತಿದ್ದ.

"ಮಾವ, ಇದು ನ್ಯಾನೊ ಡಬ್ಬ. ಒಳಗೆಲ್ಲ ಬೆಳ್ಳಿ ಕಣ ಬಳಿದವ್ರೆ, ಕಣ್ಣಿಗೆ ಕಾಣದಷ್ಟು ಸಣ್ಣವು. ವಾರ ಇಟ್ರೂ ಹಿಟ್ಟು ಕೆಡಲ್ಲ."

"ಕಂಬಳಿ ಹೊದಿಸ್ಬೇಕಾ?" ಶಿವಲಿಂಗಯ್ಯ ಕೇಳಿದ್ದು ಇದೊಂದೇ.

"ಸೈನ್ಸಿಗೆ ಯಾಕೆ ಮಾವ ಕಂಬಳಿ?"

ಆ ಮಾತಿಗೇ ಡಬ್ಬ ಮನೆಯೊಳಗೆ ಬಂತು. ಹತ್ತಿರದ ಇತ್ತಲಾರು ಹಳ್ಳಿಯ ಭೋಜನ್ ಗೌಡರ ಗೃಹಪ್ರವೇಶಕ್ಕೆ ಕೆಂಪಾಜಮ್ಮ ರಾಶಿ ಇಡ್ಲಿ ಒಪ್ಪಿಕೊಂಡಿದ್ದಳು. ಕೆಡುವುದಿಲ್ಲವೆಂದ ಮೇಲೆ ಮುಂಚೆಯೇ ರುಬ್ಬಿಟ್ಟರಾಯಿತೆಂದು ಅವಳಿಗೂ ಆಸೆಯಾಯಿತು. ಎರಡು ದಿನ ಮುಂಚೆಯೇ ರುಬ್ಬಿ ಡಬ್ಬಕ್ಕೆ ಸುರಿದಳು. ಅಂದು ರಾತ್ರಿ ಶಿವಲಿಂಗಯ್ಯ ಕಂಬಳಿ ಹೊದ್ದು ಗೊರಕೆ ಹೊಡೆದದ್ದೇ ಹೊಡೆದದ್ದು.

ಬೆಳಿಗ್ಗೆ ಮುಚ್ಚಳ ತೆಗೆದರೆ ಹಿಟ್ಟು ಕೂದಲೆಳೆಯಷ್ಟೂ ಮೇಲೆ ಬಂದಿರಲಿಲ್ಲ. ಹುಳಿಯಿಲ್ಲ, ಗುಳ್ಳೆಯಿಲ್ಲ. ನೋಡೋಣವೆಂದು ಬೇಯಿಸಿದ ಇಡ್ಲಿಯನ್ನು ಬೀದಿನಾಯಿ ಮೂಸಿ, ಮರ್ಯಾದೆಯಿಂದ ಬಿಟ್ಟುಹೋಯಿತು.

"ನೋಡಿದ್ರಾ ಅತ್ತೆ, ಒಂಚೂರೂ ಕೆಟ್ಟಿಲ್ಲ!" ಜಗದೀಶ್ ಹಿಗ್ಗಿದ. "ಇದ್ರಲ್ಲಿ ಒಂದೇ ಒಂದು ಕ್ರಿಮೀನೂ ಬದುಕಲ್ಲ."

"ಲೋ ಮಂಕೇ, ಮತ್ತೆ ಹಿಟ್ಟು ಉಬ್ಬಿಸೋರು ಯಾರು, ನಿಮ್ಮ ತಾತ್ನಾ? ನಾಳೆ ಇಡ್ಲಿ ಹೋಗ್ಲಿಲ್ಲ ಅಂದ್ರೆ ಆ ಕಡೆಯೋರು ಇನ್ಯಾರೂ ನನ್ನ ಅಂಗಡಿ ಮೆಟ್ಟಿಲು ಹತ್ತಲ್ಲ."

ಅವಳ ದನಿ ನಡುಗಿತು. ಅವಳು ಹೆದರಿದ್ದನ್ನು ಶಿವಲಿಂಗಯ್ಯ ಎಂದೂ ಕಂಡಿರಲಿಲ್ಲ.

ಅವಳು ಅಕ್ಕಿ, ಉದ್ದು ನೆನೆಹಾಕಿ, ಸಂಜೆ ಹೊಸದಾಗಿ ರುಬ್ಬಿ, ಹಳೇ ಪಾತ್ರೆಗೆ ಸುರಿದು ಕೈಯಾಡಿಸಿದಳು. ಅಷ್ಟರಲ್ಲಿ ಶಿವಲಿಂಗಯ್ಯ, ಎಂಜಲು ಕೈಯಲ್ಲಿ ಕಾಗೆ ಓಡಿಸದ ಆಸಾಮಿ, ಹೊದ್ದ ಕಂಬಳಿಯಲ್ಲೇ ಮಾರ್ಕೆಟ್ಟಿಗೆ ಹೋಗಿ ದಪ್ಪನೆಯ ಹೊಸ ಕಂಬಳಿ ಕೊಂಡು ತಂದ.

"ಇದು ಪಾತ್ರೆಗೆ. ನನ್ದು ನನಗಿರ್ಲಿ."

ಕೆಂಪಾಜಮ್ಮ ಅದನ್ನು ಮುಟ್ಟಿ ನೋಡಿ ಪಕ್ಕಕ್ಕಿಟ್ಟಳು. "ಇದು ತಣ್ಣಗೆ ಕೊರೀತೈತೆ. ನೀವು ಹೊದ್ದಿರೋದು ಕೊಡ್ರೀ."

"ಅದೇ ಯಾಕೆ?"

"ಸಂಜೆಯಿಂದ ಹೊದ್ದು ಕಾಯ್ಸಿರ್ತೀರಲ್ಲ, ಅದಕ್ಕೆ. ನಿಮ್ಮ ಮೈ ಕಾವಿಲ್ದೆ ನನ್ನ ಹಿಟ್ಟು ಯಾವತ್ತು ಉಬ್ಬೈತೆ?"

ಶಿವಲಿಂಗಯ್ಯನಿಗೆ ಇಷ್ಟು ವರ್ಷ ಒಂದು ಪಾತ್ರೆಯ ಮೇಲೆ ಹೊಟ್ಟೆಕಿಚ್ಚು ಪಟ್ಟದ್ದಕ್ಕೆ ನಾಚಿಕೆಯೂ ಆಯಿತು, ಒಳಗೊಳಗೇ ಖುಷಿಯೂ ಆಯಿತು. ಕಂಬಳಿಯನ್ನು ತಾನೇ ತೆಗೆದು ಪಾತ್ರೆಗೆ ಹೊದಿಸಿ, ಅಂಚು ಒಳಕ್ಕೆ ಸಿಕ್ಕಿಸಿದ. ಹೊಸದನ್ನು ಅವಳು ಅವನ ಹೆಗಲಿಗೆ ಸುತ್ತಿದಳು.

ಮರುದಿನ ಹಿಟ್ಟು ಮುಚ್ಚಳ ಎತ್ತಿಕೊಂಡು ನಿಂತಿತ್ತು. ಇತ್ತಲಾರಿನಲ್ಲಿ ಜನ ಕೇಳಿ ಕೇಳಿ ತಿಂದು ಇಡ್ಲಿ ಸಾಲದೆ ಬಂತು. ನ್ಯಾನೊ ಡಬ್ಬಕ್ಕೆ ಕೆಂಪಾಜಮ್ಮ ಒಣಮೆಣಸಿನಕಾಯಿ ತುಂಬಿಸಿದಳು.

ಈಗ ಶಿವಲಿಂಗಯ್ಯ ಮಧ್ಯಾಹ್ನದ ಬಿಸಿಲಿನಲ್ಲೇ ಹಳೇ ಕಂಬಳಿ ಹೊದ್ದು, ಬೆವರುತ್ತಾ, ಅಂಗಡಿಯ ಒಲೆ ಪಕ್ಕ ಕೂರುತ್ತಾನೆ. ಜ್ವರವೇ ಎಂದು ಗಿರಾಕಿಗಳು ಕೇಳಿದರೆ ಎದೆ ಸೆಟೆಸಿ ಹೇಳುತ್ತಾನೆ:

"ಜ್ವರ ಅಲ್ಲ ಸ್ವಾಮಿ, ಡ್ಯೂಟಿ."