ಎರಡನೆಯ ಮೂಲ

"ಏನಮ್ಮಾ… ಚಕ್ರವರ್ತಿ ಹುಟ್ಟಿದ್ದಾಯ್ತು, ಸಾಯೋಕೆ ಜಾಗ ಇಟ್ಟಿದ್ದೀಯೋ ಇಲ್ವೋ?"

ಸಂಪಾದಕರ ದನಿ, ಅದರ ಹಿಂದೆಯೇ ಅವರ ಒಣಕೆಮ್ಮು. ಪುಟ ಕಟ್ಟುತ್ತಿದ್ದ ಹುಡುಗಿ ಬಾಯಲ್ಲಿದ್ದ ಬಿಸ್ಕತ್ತನ್ನು ಹಾಗೇ ನುಂಗಿ ಎದ್ದು ನಿಂತಳು. ಸಂಪಾದಕರು ಎಲ್ಲೂ ಇರಲಿಲ್ಲ. ಪಕ್ಕದ ಮೇಜಿನಲ್ಲಿ ಕ್ಯಾಲೆಂಡರ್ ಸಾರ್ ಏನೂ ಗೊತ್ತಿಲ್ಲದವರಂತೆ ಕಾರ್ಡು ಜೋಡಿಸುತ್ತಿದ್ದರು.

"ನಿಮ್ಮ ಗಂಟಲಲ್ಲಿ ಇನ್ನೂ ಎಷ್ಟು ಜನ ಇದ್ದಾರೆ ಸಾರ್?"

"ಸಂಬಳ ಒಬ್ಬನಿಗೇ ಬರೋದು, ಅದೇ ಬೇಜಾರು."

ಪತ್ರಿಕೆಯಲ್ಲಿ 'ಈ ದಿನ' ಎಂಬ ಅಂಗೈಯಗಲದ ಅಂಕಣವನ್ನು ಇಪ್ಪತ್ನಾಲ್ಕು ವರ್ಷಗಳಿಂದ ಬರೆಯುತ್ತಿದ್ದುದರಿಂದ ಅವರಿಗೆ ಆ ಹೆಸರು. ಹುಟ್ಟಿಗೆ ಬಿಳಿ ಕಾರ್ಡು, ಸಾವಿಗೆ ನೀಲಿ. ದಿನಕ್ಕೆ ಐದೇ ಸಂಗತಿ. ಪ್ರತಿ ಕಾರ್ಡಿನ ಬುಡದಲ್ಲಿ ಎರಡು ಗೆರೆ: ಮೂಲ ಒಂದು, ಮೂಲ ಎರಡು. ಎರಡೂ ತುಂಬದೆ ಯಾವ ದೊರೆಯನ್ನೂ ಅವರು ಹುಟ್ಟಲು ಬಿಡುತ್ತಿರಲಿಲ್ಲ, ಸಾಯಲೂ ಬಿಡುತ್ತಿರಲಿಲ್ಲ. ಆ ನಿಯಮ ಮಾಡಿದವರು ಅವರೇ. ನಾಳೆ ಹನ್ನೆರಡನೇ ತಾರೀಖಿಗೆ ನಾಲ್ಕು ಸಿಕ್ಕಿದ್ದವು. ಐದನೆಯದು ಬಾಕಿ. ನಾಲ್ಕು ಗಂಟೆಗೆ ಪುಟ ಹೋಗಬೇಕು.

ಬಾಗಿಲ ಬಳಿ ಕೂರುವ ಮುದುಕ ಬಂದು ದನಿ ತಗ್ಗಿಸಿದ. "ಸಾರ್, ಸುರಂಗದಮ್ಮ ಬಂದವ್ರೆ."

ಕ್ಯಾಲೆಂಡರ್ ಸಾರ್ ಮುಖದ ಮೇಲಿದ್ದ ಅಷ್ಟೂ ಜನ ಎದ್ದುಹೋದರು.

ಆಕೆ ಬಂದು ಎದುರಿನ ಕುರ್ಚಿಯಲ್ಲಿ ಕುಳಿತಳು. ಬಟ್ಟೆ ಕಾರ್ಖಾನೆಯಲ್ಲಿ ಹೊಲಿಗೆಯವಳು. ಬೆರಳ ತುದಿಯಲ್ಲಿ ಸೂಜಿ ಚುಚ್ಚಿದ ಹಳೆಯ ಕಲೆಗಳು. ಪ್ರತಿವರ್ಷ ಹನ್ನೊಂದನೇ ತಾರೀಖು ಬರುತ್ತಾಳೆ, ಒಂದೇ ಮಾತು ಕೇಳುತ್ತಾಳೆ, ಒಂದೇ ಉತ್ತರ ಪಡೆದು ಹೋಗುತ್ತಾಳೆ. ಈ ಸಲ ಚೀಲದಿಂದ ಮೊನ್ನೆ ಒಂಬತ್ತನೇ ತಾರೀಖಿನ ಪತ್ರಿಕೆಯ ತುಂಡೊಂದನ್ನು ತೆಗೆದು ಮೇಜಿನ ಮೇಲಿಟ್ಟಳು. 'ಇಪ್ಪತ್ತೈದು ವರ್ಷಗಳ ಹಿಂದೆ ಈ ದಿನ: ಸುರಂಗ ಕುಸಿದು ಮೂವತ್ತೊಂದು ಮಂದಿ ಕಾರ್ಮಿಕರ ತಕ್ಷಣದ ಸಾವು.'

"ಮತ್ತೆ ಒಂಬತ್ತು ಅಂತಾನೇ ಹಾಕಿದ್ದೀರಿ."

"ತನಿಖಾ ವರದೀಲಿ ಹಾಗೇ ಇದೆ ಅಮ್ಮಾ."

"ಆಂ?"

"ವರದೀಲಿ ಹಾಗಿದೆ!"

"ಜೋರಾಗಿ ಹೇಳಿ ಸಾರ್. ಮಿಷಿನ್ ಸದ್ದಿಗೆ ಎರಡು ಕಿವೀನೂ ಕೈಕೊಟ್ವು. ಈಗ ಕೈಯೇ ಕಿವಿ." ಆಕೆ ನಕ್ಕು ಅಂಗೈಯನ್ನು ಮೇಜಿನ ಮೇಲೆ ಚಪ್ಪಟೆಯಾಗಿ ಊರಿದಳು. "ಹಿಂಗಿಟ್ಟು ನೋಡ್ತೀನಿ, ಮಿಷಿನ್ ಓಡ್ತಿದೆಯೋ ನಿಂತಿದೆಯೋ ಅಂತ."

ಹುಡುಗಿ ಕೆಲಸ ಬಿಟ್ಟು ಇತ್ತ ತಿರುಗಿದ್ದಳು. ಅವಳಿಗೆ ಇದು ಹೊಸದು. ಆಕೆ ಅವಳಿಗೂ ಸೇರಿಸಿ ಹೇಳಿದಳು:

"ಒಂಬತ್ತಕ್ಕೆ ಕುಸೀತು. ಹತ್ತರ ಸಂಜೆ, ಯಾರೂ ಉಳಿದಿಲ್ಲ ಅಂತ ಅಗೆಯೋದು ನಿಲ್ಲಿಸಿದ್ರು. ಗಾಳಿ ಹೋಗೋ ಪೈಪ್ ಒಂದು ಹೊರಗಡೆ ಇತ್ತು ಕಣಮ್ಮಾ. ನಾನು ಅದಕ್ಕೆ ಕಿವಿ ಕೊಟ್ಟು ಕೂತಿದ್ದೆ. ಒಳಗಿಂದ ನಮ್ಮನೆಯವರು ಬಡೀತಿದ್ರು. ಹನ್ನೆರಡರ ಮಧ್ಯಾಹ್ನದವರೆಗೂ. ನೀರು ತೊಟ್ಟಿಕ್ಕೋ ಸದ್ದು ಅಂದ್ರು ಆಫೀಸರು. ಪೇಪರ್‌ನೋರೂ ಅದನ್ನೇ ಬರೆದ್ರು. ಒಂಬತ್ತಕ್ಕೇ ಎಲ್ಲ ಮುಗಿದಿತ್ತು ಅನ್ನೋದಾದ್ರೆ ಮೂರು ದಿನ ನಾನು ಮಾತಾಡಿದ್ದು ಯಾರ ಜೊತೆ?"

ಹುಡುಗಿ ಕ್ಯಾಲೆಂಡರ್ ಸಾರ್ ಕಡೆ ನೋಡಿದಳು. ಅವರು ಕಾರ್ಡುಗಳ ಅಂಚು ಸಮ ಮಾಡುತ್ತಿದ್ದರು.

"ಒಬ್ಬರ ಮಾತು ಸಾಲದಮ್ಮಾ," ಎಂದು ಗಟ್ಟಿಯಾಗಿ ಹೇಳಿದರು. "ಎರಡನೇ ಮೂಲ ಬೇಕು. ಇನ್ನೊಬ್ಬರು ಯಾರಾದ್ರೂ ಕೇಳಿರ್ಬೇಕು." ಇಪ್ಪತ್ಮೂರು ಸಲ ಹೇಳಿದ್ದ ಮಾತು. ತನ್ನದೇ ದನಿಯನ್ನು ತಾನೇ ಅಣಕಿಸಿದಂತೆ ಕೇಳಿಸಿತು.

"ಬಾಕಿಯವರ ಮನೆಯವರೆಲ್ಲ ಹತ್ತಕ್ಕೇ ಹೊರಟುಹೋಗಿದ್ರಲ್ಲ." ಆಕೆ ಪತ್ರಿಕೆಯ ತುಂಡನ್ನು ಮಡಿಸಿದಳು. "ಇರ್ಲಿ ಬಿಡಿ. ನಾನು ಬರೋದು ಇದೇ ಕೊನೆ ಸಾರ್. ಕಿವಿ ಹೋದ್ಮೇಲೆ ಒಳಗಿನ ಸದ್ದೂ ಹೋಗ್ತಾ ಇದೆ. ಅವರು ಹೇಗೆ ಬಡೀತಿದ್ರು ಅಂತ ಮಲಗಿದ್ರೂ ನೆನಪಾಗಲ್ಲ, ಕೂತ್ರೂ ನೆನಪಾಗಲ್ಲ. ದಿನಾ ಪಾಳಿ ಮುಗಿಸಿ ಬಂದು ಮನೆ ಬಾಗಿಲು ಹಾಗೇ ತಟ್ಟೋರು. ಅದಕ್ಕೇ ಅವರೇ ಅಂತ ಗೊತ್ತಾಗಿದ್ದು. ಅದನ್ನ ಯಾರಿಗೂ ಹೇಳಿರಲಿಲ್ಲ, ನಮ್ಮನೆ ಬಾಗಿಲ ಮಾತು ಅಂತ. ಈಗ ಹೇಳೋಣ ಅಂದ್ರೆ ನನಗೇ ಬರ್ತಿಲ್ಲ. ನಾನೇ ಮರೆತ್ರೆ, ನೀರೇ ಆಗಿತ್ತು ಅಂತ ಆಗ್ಬಿಡುತ್ತಲ್ಲ?"

ಆಕೆ ಚೀಲದ ಬಾಯಿ ಕಟ್ಟುತ್ತಿದ್ದಳು.

ಅವರಿಗೆ ಆ ಹನ್ನೆರಡರ ಮಧ್ಯಾಹ್ನ ನೆನಪಾಗಲಿಲ್ಲ. ಮರೆತಿದ್ದರೆ ತಾನೇ ನೆನಪಾಗುವುದಕ್ಕೆ? ಕೆಲಸಕ್ಕೆ ಸೇರಿ ಎರಡು ತಿಂಗಳಾಗಿದ್ದ ವರದಿಗಾರ. ಮಣ್ಣಿನ ಮೇಲೆ ಉದ್ದಕ್ಕೆ ಮಲಗಿದ್ದ ಪೈಪು. ಅತ್ತ ತುದಿಯಲ್ಲಿ ಬೆನ್ನು ಹಾಕಿ ಕುಳಿತು ಪೈಪಿನೊಳಗೆ ಏನೋ ಹೇಳುತ್ತಿದ್ದ ಒಬ್ಬ ಹೆಂಗಸು. ಇತ್ತ ಜೀಪಿನ ಪಕ್ಕ, ಶೂ ಲೇಸು ಕಟ್ಟಲು ಬಗ್ಗಿದಾಗ ಆಸರೆಗೆಂದು ಪೈಪಿನ ಮೇಲಿಟ್ಟ ತನ್ನ ಕೈ. ಕೈಗೆ ಬಂದು ತಾಗಿದ ಬಡಿತ. ಒಂದು ಸಲವಲ್ಲ, ಅದೇ ವರಸೆ ನಾಲ್ಕು ಸಲ, ಒಂದೇ ಲಯದಲ್ಲಿ. "ನೀರು ಕಣ್ರೀ ಅದು, ಜೀಪ್ ಹತ್ತಿ," ಎಂದಿದ್ದ ಆಫೀಸರು. ತಾನು ಹತ್ತಿದ್ದು. ಸಂಜೆ 'ನೀರಿನ ಸದ್ದು' ಎಂದು ಬರೆದದ್ದು. ಮಾರನೇ ವರ್ಷ ವರದಿಗಾರಿಕೆ ಬೇಡವೆಂದು ಕೇಳಿಕೊಂಡು ಈ ಮೇಜಿಗೆ ಬಂದದ್ದು. ರೈಲು, ಟೈಪ್‌ರೈಟರು, ಬೆಕ್ಕು, ಮಂತ್ರಿ, ಎಲ್ಲದರ ಸದ್ದನ್ನೂ ಅವರು ಈ ಕೋಣೆಯಲ್ಲಿ ಮಾಡಿದ್ದರು. ಇದೊಂದನ್ನು ಬಿಟ್ಟು.

"ನಾನೂ ಕೇಳಿದ್ದೆ," ಎಂದರು. ದನಿ ಪಿಸುಮಾತಿಗಿಂತ ಮೇಲೇರಲಿಲ್ಲ.

"ಆಂ?"

ಹುಡುಗಿಗೆ ಕೇಳಿಸಿತ್ತು. ಅವಳ ಕುರ್ಚಿ ಕಿರ್ರೆಂದಿತು.

ಅವರು ಆಕೆಯ ಕೈ ಹಿಡಿದು ಅಂಗೈಯನ್ನು ಮತ್ತೆ ಮೇಜಿನ ಮೇಲೆ ಊರಿಸಿದರು. ಗೆಣ್ಣು ಮಡಿಸಿ ಬಡಿದರು. ಎರಡು, ಬೇಗ ಬೇಗ. ಒಂದು ಉಸಿರೆಳೆಯುವಷ್ಟು ಬಿಡುವು. ಆಮೇಲೆ ಒಂದು, ಮೆತ್ತಗೆ, ಬಾಗಿಲು ತೆಗೆಯುವವರು ಬರುತ್ತಿದ್ದಾರೆಂದು ಗೊತ್ತಿದ್ದವನು ತಟ್ಟುವ ಹಾಗೆ.

ಆಕೆಯ ಬೆರಳುಗಳು ಅಗಲವಾದವು. ತಲೆ ಎತ್ತಿ ಅವರ ಮುಖ ನೋಡಿದಳು.

"ಎಲ್ಲಿದ್ರಿ ನೀವು?"

"ಜೀಪಿನ ಹತ್ರ," ಎಂದು ಕೂಗಿದರು. ಕೋಣೆಯ ಆಚೆ ತುದಿಯಲ್ಲಿದ್ದವರೂ ತಲೆ ಎತ್ತಿದರು. "ಪೈಪ್ ಮೇಲೆ ಕೈ ಇಟ್ಟಿದ್ದೆ!"

"ಪ್ರತಿವರ್ಷ ನಾನು ಈ ಕುರ್ಚೀಲಿ ಕೂತಾಗ…"

"ಹೌದು."

ಆಕೆ ಅಳಲಿಲ್ಲ, ಬೈಯಲೂ ಇಲ್ಲ. ಬೈದಿದ್ದರೆ ಅವರಿಗೆ ಎಲ್ಲಿ ನೋಡಬೇಕೆಂದು ತಿಳಿಯುತ್ತಿತ್ತು. ಒಂದು ನೀಲಿ ಕಾರ್ಡು ಎಳೆದುಕೊಂಡು ಬರೆದರು: ಹನ್ನೆರಡು. ಸುರಂಗದ ಒಳಗಿನಿಂದ ಕೊನೆಯ ಬಡಿತ ಕೇಳಿದ ದಿನ. ಮೂಲ ಒಂದು: ಪತ್ನಿ. ಎರಡನೆಯ ಗೆರೆಯ ಮೇಲೆ ತಮ್ಮ ಪೂರ್ತಿ ಹೆಸರು ಬರೆದು, 'ಅಂದಿನ ವರದಿಗಾರ' ಎಂದು ಸೇರಿಸಿ ಹುಡುಗಿಯ ಕಡೆ ಚಾಚಿದರು.

ಅವಳು ಓದಿದಳು. "ಸಾರ್, ಇದು ಅಚ್ಚಾದ್ರೆ ನಿಮ್ಮ ಕೆಲಸ…"

"ಹಾಕು."

"ಸಂಪಾದಕರು ಕೇಳಿದ್ರೆ?"

"ನನ್ನ ದನೀಲೇ ಹೇಳ್ತೀನಿ."

ಗಡಿಯಾರದಲ್ಲಿ ನಾಲ್ಕಕ್ಕೆ ಹತ್ತು ನಿಮಿಷವಿತ್ತು. ಹುಡುಗಿ ಟೈಪ್ ಮಾಡತೊಡಗಿದಳು. ಸುರಂಗದಮ್ಮ ಆ ಕಡೆ ತಿರುಗಿಯೂ ನೋಡಲಿಲ್ಲ. ಅಂಗೈ ಊರಿದಲ್ಲೇ ಇತ್ತು. ಕಣ್ಣು ಮುಚ್ಚಿಕೊಂಡಿದ್ದಳು.

"ಇನ್ನೊಂದ್ಸಲ," ಎಂದಳು.

ಅವರು ಬಡಿದರು.

"ಇನ್ನೊಂದ್ಸಲ."

ಮೇಜಿನ ಮೇಲೆ ಮುಚ್ಚಳ ಹಾಕದೆ ಬಿಟ್ಟಿದ್ದ ಪೆನ್ನು ಪ್ರತಿ ಬಡಿತಕ್ಕೂ ಕೂದಲೆಳೆಯಷ್ಟು ಉರುಳಿ, ಅಂಚಿನ ಕಡೆಗೆ ಹೋಗುತ್ತಿತ್ತು.